ಪರದೆಯ ಕ್ರಮ, ಪುಟದ ಕ್ರಮ: ಡೆಸ್ಕ್‌ಟಾಪ್ ಡೇಟಾಬೇಸ್‌ಗಳಲ್ಲಿ ಫಾರಂ ಮತ್ತು ವರದಿಯ ವಿನ್ಯಾಸ

ಸಣ್ಣ ಕಚೇರಿಯ ಲೆಕ್ಕಪತ್ರವನ್ನು ಕಂಪ್ಯೂಟರಿಗೆ ಏರಿಸುವಾಗ ಎರಡು ಬೇರೆ ವಸ್ತುಗಳನ್ನು ರೂಪಿಸಬೇಕಾಗುತ್ತದೆ. ಮಾಹಿತಿ ತುಂಬುವವರು ಕೂತು ನೋಡುವ ಪರದೆ ಒಂದು. ತುಂಬಿದ್ದನ್ನು ವಿಂಗಡಿಸಿ, ಕೂಡಿಸಿ, ಕಾಗದಕ್ಕೆ ಇಳಿಸುವ ವರದಿ ಇನ್ನೊಂದು. 1992ರ ನವೆಂಬರಿನಲ್ಲಿ ಬಂದ ಮೈಕ್ರೋಸಾಫ್ಟ್ ಆಕ್ಸೆಸ್ ಈ ಎರಡಕ್ಕೂ ಒಂದೇ ಬಗೆಯ ಚೌಕುಳಿ ಹಾಳೆ ಕೊಟ್ಟಿತು, ಅದೇ ಟೆಕ್ಸ್ಟ್ ಬಾಕ್ಸ್, ಅದೇ ಲೇಬಲ್, ಅದೇ ಗುಣಪಟ್ಟಿ ಇಟ್ಟಿತು. ಫೈಲ್‌ಮೇಕರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎರಡನ್ನೂ ‘ಲೇಔಟ್’ ಎಂದೇ ಕರೆಯಿತು. ವಿಷುವಲ್ ಫಾಕ್ಸ್‌ಪ್ರೊದಲ್ಲಂತೂ ಫಾರಂ ಮತ್ತು ವರದಿ ಕಡತಗಳೆರಡೂ ಒಳಗೆ ಟೇಬಲ್‌ಗಳೇ. ಬೇಕೆಂದರೆ ವರದಿಯನ್ನು ಟೇಬಲ್ಲಿನಂತೆ ತೆರೆದು ಸಾಲು ಸಾಲಾಗಿ ತಿದ್ದಬಹುದು.

ಈ ಹೋಲಿಕೆ ಮೇಲುಮೇಲಿನದು ಎಂಬುದು ಈ ಲೇಖನದ ವಾದ. ಪರದೆ ಕೈ ಓಡುವ ಕ್ರಮಕ್ಕೆ ಹೊಂದಬೇಕು. ವರದಿ, ಕಣ್ಣು ಪುಟದಿಂದ ಪುಟಕ್ಕೆ ಓಡುವ ಕ್ರಮಕ್ಕೆ. ಒಂದರ ರೂಪವನ್ನು ಇನ್ನೊಂದಕ್ಕೆ ಹೊದಿಸಿದಾಗ ಎರಡೂ ಕೆಡುತ್ತವೆ. ಆದರೆ ಇವೆರಡೂ ಸಂಬಂಧವಿಲ್ಲದವೂ ಅಲ್ಲ. ವರದಿಯನ್ನು ಯಾವ ಅಂಶದ ಮೇಲೆ ಗುಂಪು ಮಾಡುತ್ತೇವೋ ಆ ಅಂಶ ಪರದೆಯಲ್ಲಿ ಹೇಗೆ ತುಂಬಲ್ಪಟ್ಟಿತು ಎಂಬಲ್ಲಿ ಇವು ಸಂಧಿಸುತ್ತವೆ. ಕನ್ನಡದ ಮಾಹಿತಿಯಲ್ಲಿ ತೊಡಕು ಹುಟ್ಟುವುದೂ ಹೆಚ್ಚಾಗಿ ಅಲ್ಲಿಯೇ.

ಎರಡು ವಂಶಾವಳಿ

ವರದಿಯ ಮೂಲ ಪಂಚ್ ಕಾರ್ಡ್ ಕಾಲದ ಟ್ಯಾಬ್ಯುಲೇಟಿಂಗ್ ಯಂತ್ರದಲ್ಲಿದೆ. ಕಾರ್ಡುಗಳನ್ನು ಮೊದಲೇ ವಿಂಗಡಿಸಿ ಯಂತ್ರಕ್ಕೆ ಉಣಿಸುತ್ತಿದ್ದರು. ಯಂತ್ರ ಈ ಕಾರ್ಡಿನ ಗುರುತುಸಂಖ್ಯೆಯನ್ನು ಹಿಂದಿನದರ ಜೊತೆ ಹೋಲಿಸುತ್ತಿತ್ತು. ಸಂಖ್ಯೆ ಬದಲಾದೊಡನೆ ನಿಂತು, ಅಲ್ಲಿಯವರೆಗಿನ ಮೊತ್ತವನ್ನು ಅಚ್ಚು ಹಾಕಿ ಮುಂದಕ್ಕೆ ಹೋಗುತ್ತಿತ್ತು. ಇದಕ್ಕೆ ಕಂಟ್ರೋಲ್ ಬ್ರೇಕ್ ಎಂದು ಹೆಸರು. ಐಬಿಎಂ 1959ರಲ್ಲಿ 1401 ಗಣಕಕ್ಕಾಗಿ ತಂದ ಆರ್‌ಪಿಜಿ ಈ ಯಂತ್ರದ ಸುತ್ತನ್ನೇ ಪ್ರೋಗ್ರಾಮಿಂಗ್ ಭಾಷೆಯಾಗಿಸಿತು. ಇಂದು ಆಕ್ಸೆಸ್ ವರದಿಯಲ್ಲಿ ಕಾಣುವ ಗ್ರೂಪ್ ಹೆಡರ್, ಡೀಟೇಲ್, ಗ್ರೂಪ್ ಫುಟರ್ ಎಂಬ ಪಟ್ಟಿಗಳು ಅದೇ ಸುತ್ತಿನ ಚಿತ್ರರೂಪ. ‘ಬದಲಾದಾಗ ನಿಲ್ಲು’ ಎಂಬ ನಿಯಮಕ್ಕೆ ವಿಂಗಡಣೆಯೇ ಆಧಾರ. ಡಿಬೇಸ್ ಕಾಲದಲ್ಲಿ ಈ ಮಾತು ಬರಿಗಣ್ಣಿಗೇ ಕಾಣುತ್ತಿತ್ತು: ಅದರ ವರದಿ ತಾನಾಗಿ ವಿಂಗಡಿಸುತ್ತಿರಲಿಲ್ಲ, ಟೇಬಲ್ಲನ್ನು ಇಂಡೆಕ್ಸ್ ಮಾಡದೆ ವರದಿ ತೆಗೆದರೆ ಒಂದೇ ಊರಿನ ಹೆಸರು ಪುಟದುದ್ದಕ್ಕೂ ಮತ್ತೆ ಮತ್ತೆ ತಲೆಬರಹವಾಗಿ ಬರುತ್ತಿತ್ತು. ಆಕ್ಸೆಸ್ ತಾನೇ ವಿಂಗಡಿಸಿಕೊಳ್ಳುತ್ತದೆ, 10 ಹಂತಗಳವರೆಗೆ ಗುಂಪು ಮಾಡಲು ಬಿಡುತ್ತದೆ. ಸಲೀಸಾದದ್ದರಿಂದ ವಿಂಗಡಣೆ ಎಂಬುದೊಂದು ನಡೆಯುತ್ತಿದೆ ಎಂಬ ಎಚ್ಚರವೇ ಮಾಯವಾಯಿತು.

ಪರದೆಯ ವಂಶ ಬೇರೆ. 1971ರ ಐಬಿಎಂ 3270 ಟರ್ಮಿನಲ್ಲು 24 ಸಾಲು, 80 ಕಾಲಂಗಳ ರೂಪವನ್ನು ರೂಢಿಗೆ ತಂದಿತು. ಆ 80 ಬಂದದ್ದು 1928ರ 80 ಕಾಲಂ ಕಾರ್ಡಿನಿಂದ. ಡಿಬೇಸ್‌ನಲ್ಲಿ ಸಾಲು-ಕಾಲಂ ಸಂಖ್ಯೆ ಕೊಟ್ಟು, ‘ಸೇ’ ಎಂದು ಲೇಬಲ್ ಬರೆದು, ‘ಗೆಟ್’ ಎಂದು ಖಾಲಿ ಜಾಗ ಬಿಟ್ಟು, ಕೊನೆಗೆ ‘ರೀಡ್’ ಎನ್ನಬೇಕಿತ್ತು. ಪ್ರೋಗ್ರಾಂನಲ್ಲಿ ಬರೆದ ಅನುಕ್ರಮದಲ್ಲೇ ಕರ್ಸರ್ ಓಡುತ್ತಿತ್ತು. ಅಂಕಣ ತುಂಬಿದೊಡನೆ ತಾನೇ ಗಂಟೆ ಬಾರಿಸಿ ಮುಂದಕ್ಕೆ ಹಾರುತ್ತಿದ್ದದ್ದನ್ನು ಹಳೆಯ ಆಪರೇಟರುಗಳು ಮರೆತಿರಲಾರರು. ವರದಿಯ ಅಳತೆಯೇ ಬೇರೆ: ಲೈನ್ ಪ್ರಿಂಟರಿನ 132 ಕಾಲಂ, 12 ಅಂಗುಲದ ನಿರಂತರ ಕಾಗದ, ಅಂಗುಲಕ್ಕೆ 6ರಂತೆ ಪುಟಕ್ಕೆ 72 ಸಾಲು. ಒಂದರೊಳಗೆ ಇನ್ನೊಂದು ಹಿಡಿಸುತ್ತಲೇ ಇರಲಿಲ್ಲವಾದ್ದರಿಂದ ಎರಡನ್ನೂ ಬೇರೆಬೇರೆಯಾಗಿಯೇ ಯೋಚಿಸಬೇಕಿತ್ತು. ಮೌಸ್ ಹಿಡಿದು ಪೆಟ್ಟಿಗೆಗಳನ್ನು ಎಳೆದು ಕೂರಿಸುವ ಕಾಲ ಬಂದ ಮೇಲೆ ಈ ಒತ್ತಾಯ ತಪ್ಪಿತು.

ಪರದೆ: ಕೈಯ ಲೆಕ್ಕ

ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘವೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬೆಳಗ್ಗೆ ಕ್ಯಾನ್ ಹಿಡಿದವರು ಸಾಲಾಗಿ ನಿಂತಿದ್ದಾರೆ. ಕಾಗದದ ರಿಜಿಸ್ಟರಿನಲ್ಲಿ ದಿನಾಂಕ, ಹೊತ್ತು, ಹೆಸರು, ಸದಸ್ಯ ಸಂಖ್ಯೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ ಎಂದು ಮನೆಗಳಿವೆ ಎನ್ನೋಣ. ಅದನ್ನೇ ಪರದೆಗೆ ಎತ್ತಿಟ್ಟರೆ ಆಪರೇಟರು ಒಬ್ಬೊಬ್ಬರಿಗೂ ದಿನಾಂಕ ಒತ್ತಬೇಕು, ಹೆಸರು ಟೈಪಿಸಬೇಕು. ಆ ಹೊತ್ತಿನಲ್ಲಿ ಕೈಗೆ ನಿಜಕ್ಕೂ ಬೇಕಿರುವುದು ಸದಸ್ಯ ಸಂಖ್ಯೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಎಂಬ ನಾಲ್ಕೇ ಅಂಕಿ. ದಿನಾಂಕ ಮತ್ತು ಹೊತ್ತು ಡೀಫಾಲ್ಟ್ ಮೌಲ್ಯವಾಗಿ ಕೂತಿರಬೇಕು. ಹೆಸರು ಸಂಖ್ಯೆಯಿಂದ ತಾನಾಗಿ ಬಂದು ಬರೀ ಖಾತ್ರಿಗಾಗಿ ಕಾಣಬೇಕು, ಕರ್ಸರ್ ಅದರೊಳಗೆ ಕಾಲಿಡಬಾರದು. ದರ, ಮೊತ್ತಗಳೂ ಹಾಗೆಯೇ.

ಈ ಕ್ರಮವನ್ನು ಆಕ್ಸೆಸ್‌ನಲ್ಲಿ ಟ್ಯಾಬ್ ಆರ್ಡರ್ ನಿರ್ಧರಿಸುತ್ತದೆ. ಹೊಸದಾಗಿ ಸೇರಿಸಿದ ಅಂಕಣ, ಪರದೆಯಲ್ಲಿ ಎಲ್ಲೇ ಕೂರಿಸಿರಲಿ, ಟ್ಯಾಬ್ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತದೆ. ಸದಸ್ಯರ ಫಾರಂಗೆ ಎಷ್ಟೋ ವರ್ಷದ ಮೇಲೆ ‘ಮೊಬೈಲ್ ಸಂಖ್ಯೆ’ಯನ್ನು ಹೆಸರಿನ ಪಕ್ಕದಲ್ಲೇ ಸೇರಿಸಿದ್ದರೂ ಕರ್ಸರ್ ಬ್ಯಾಂಕ್ ಖಾತೆಯವರೆಗೆ ಹೋಗಿ, ಅಲ್ಲಿಂದ ಮೇಲಕ್ಕೆ ನೆಗೆಯುವುದು ಇದರಿಂದಲೇ. ಆಪರೇಟರು ಆ ನೆಗೆತವನ್ನು ಗಮನಿಸದೆ ಮುಂದಿನ ದಾಖಲೆಗೆ ಹೋಗಿಬಿಟ್ಟರೆ ಮೊಬೈಲ್ ಕಾಲಂ ಖಾಲಿ ಉಳಿಯುತ್ತದೆ. ಅದನ್ನು ಉದಾಸೀನ ಎಂದು ಬೈಯುವುದು ಸುಲಭ.

ಲೇಬಲ್ ಎಲ್ಲಿರಬೇಕು ಎಂಬ ಪ್ರಶ್ನೆಗೆ 2006ರಲ್ಲಿ ಮತ್ತೆಯೋ ಪೆಂಝೋ ಕಣ್ಣಿನ ಚಲನೆಯನ್ನು ಅಳೆದು ಉತ್ತರ ಹುಡುಕಿದ್ದರು: ಅಂಕಣದ ಮೇಲ್ಗಡೆ ಇರುವ ಲೇಬಲ್ ಕಣ್ಣಿಗೆ ಬೇಗ ಸಿಗುತ್ತದೆ, ಎಡಕ್ಕೆ ಒತ್ತಿದ ಲೇಬಲ್ ನಿಧಾನ. ಆ ಅಧ್ಯಯನ ವೆಬ್ ಫಾರಂಗಳದ್ದು; ದಿನಕ್ಕೆ ನೂರಾರು ದಾಖಲೆ ತುಂಬುವ ಆಪರೇಟರು ಲೇಬಲ್ ಓದುವುದೇ ಇಲ್ಲ. ಹಾಗಿದ್ದೂ ‘ಖಾತೆದಾರರ ತಂದೆ/ಗಂಡನ ಹೆಸರು’ ಎಂಬಂಥ ಉದ್ದದ ಕನ್ನಡ ಲೇಬಲ್ಲುಗಳಿಗೆ ಮೇಲ್ಗಡೆಯೇ ಹಿತ. ಎಡಗಡೆ ಇಟ್ಟರೆ ಅತಿ ಉದ್ದದ ಲೇಬಲ್ಲಿಗೆ ಹೊಂದಿಸಿ ಉಳಿದವೆಲ್ಲ ತಮ್ಮ ಅಂಕಣದಿಂದ ದೂರ ಸರಿಯುತ್ತವೆ.

ಇದಕ್ಕಿಂತ ತೂಕದ ವಿಷಯ ದಾಖಲೆ ಯಾವಾಗ ಉಳಿಯುತ್ತದೆ ಎಂಬುದು. ಟೇಬಲ್ಲಿಗೆ ಕಟ್ಟಿದ ಆಕ್ಸೆಸ್ ಫಾರಂನಲ್ಲಿ ‘ಸೇವ್’ ಒತ್ತುವ ಅಗತ್ಯವಿಲ್ಲ. ಬೇರೆ ದಾಖಲೆಗೆ ಸರಿದರೆ ಸಾಕು. ಸಬ್‌ಫಾರಂ ಇದ್ದಲ್ಲಿ, ಕರ್ಸರ್ ಅದರೊಳಗೆ ಹೋದ ಕ್ಷಣವೇ ಮುಖ್ಯ ದಾಖಲೆ ಉಳಿದುಬಿಡುತ್ತದೆ. ಸಂಘದಲ್ಲಿ ಪಶು ಆಹಾರದ ರಸೀದಿ ಹರಿಯುವಾಗ ಆಪರೇಟರು ಸದಸ್ಯ ಸಂಖ್ಯೆ ಹಾಕಿ, ಮೂಟೆಗಳ ವಿವರಕ್ಕೆ ಇಳಿದು, ಅಷ್ಟರಲ್ಲಿ ಕೊಳ್ಳುವವರು ‘ನಾಳೆ ಬರ್ತೀನಿ’ ಎಂದು ಹೊರಟರೆ, ಸಾಮಾನಿಲ್ಲದ ರಸೀದಿಯೊಂದು ಟೇಬಲ್ಲಿನಲ್ಲಿ ಉಳಿಯುತ್ತದೆ. ರಸೀದಿ ಮತ್ತು ಸಾಮಾನು ಟೇಬಲ್ಲುಗಳನ್ನು ವರದಿಯಲ್ಲಿ ಇನ್ನರ್ ಜಾಯಿನ್‌ನಿಂದ ಬೆಸೆದಿದ್ದರೆ ಅದು ಕಾಣುವುದೇ ಇಲ್ಲ. ಔಟರ್ ಜಾಯಿನ್ ಆಗಿದ್ದರೆ ಮೊತ್ತವಿಲ್ಲದ ಸಾಲಾಗಿ ಕಾಣುತ್ತದೆ. ಇನ್ನು ಆಟೋನಂಬರು: ಹೊಸ ದಾಖಲೆಯಲ್ಲಿ ಮೊದಲ ಅಕ್ಷರ ಒತ್ತಿದಾಗಲೇ ಅದು ಸಂಖ್ಯೆ ಹಂಚಿಬಿಡುತ್ತದೆ. ಎಸ್ಕೇಪ್ ಒತ್ತಿ ಬಿಟ್ಟರೂ ಆ ಸಂಖ್ಯೆ ಮರಳಿ ಬರುವುದಿಲ್ಲ. ಆಟೋನಂಬರನ್ನೇ ರಸೀದಿ ಸಂಖ್ಯೆಯಾಗಿ ಅಚ್ಚು ಹಾಕಿದರೆ 111ರ ನಂತರ 113 ಬರುತ್ತದೆ. ಲೆಕ್ಕ ಪರಿಶೋಧಕರು 112 ಎಲ್ಲಿ ಎಂದು ಕೇಳುತ್ತಾರೆ. ಅವರು ಕೇಳುವುದು ನ್ಯಾಯವೇ, ರಸೀದಿ ಪುಸ್ತಕದಲ್ಲಿ ಹಾಳೆ ಹರಿದರೆ ಅರ್ಥವಿರುತ್ತದೆ. ಆಟೋನಂಬರು ಒಳಗಿನ ಗುರುತಿಗೆ ಮಾತ್ರ ತಕ್ಕದ್ದು; ಹೊರಗೆ ತೋರುವ ಸಂಖ್ಯೆಯನ್ನು ದಾಖಲೆ ಉಳಿಯುವ ಗಳಿಗೆಯಲ್ಲಿ, ‘ಬಿಫೋರ್ ಅಪ್‌ಡೇಟ್’ ಘಟ್ಟದಲ್ಲಿ ಕೊಡಬೇಕು.

ವರದಿ: ಪುಟದ ಲೆಕ್ಕ

ಡೇಟಾಬೇಸಿಗೆ ಗೊತ್ತಿರುವುದು ಗುಂಪು. ಪುಟ ಪ್ರಿಂಟರಿನದು. ಆಕ್ಸೆಸ್‌ನ ಗ್ರೂಪ್ ಫುಟರಿನಲ್ಲಿ ಮೊತ್ತದ ಸೂತ್ರ ಬರೆದರೆ ಸರಿಯಾದ ಉತ್ತರ ಬರುತ್ತದೆ. ಅದೇ ಸೂತ್ರವನ್ನು ಪೇಜ್ ಫುಟರಿಗೆ ಹಾಕಿದರೆ ‘ಎರರ್’ ಎಂದು ಬರುತ್ತದೆ. ನಮ್ಮ ಲೆಕ್ಕದ ಪುಸ್ತಕಗಳಲ್ಲಿ ಪುಟದಡಿಯ ಮೊತ್ತ, ಮುಂದಿನ ಪುಟದ ತಲೆಯಲ್ಲಿ ‘ಹಿಂದಿನ ಪುಟದಿಂದ’ ಎಂಬ ಸಾಲು ಕಡ್ಡಾಯ. ಅಂಥ ವರದಿಗೆ ಸಿದ್ಧ ಸೌಲಭ್ಯವಿಲ್ಲ. ಡೀಟೇಲ್ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಪೆಟ್ಟಿಗೆಯೊಂದಕ್ಕೆ ರನ್ನಿಂಗ್ ಸಮ್ ಕೊಟ್ಟು, ಅದರ ಮೌಲ್ಯವನ್ನು ಪುಟದಡಿಗೆ ಎಳೆದುಕೊಳ್ಳುವುದು ರೂಢಿಯಲ್ಲಿರುವ ಉಪಾಯ. ಕೋಡ್ ಬರೆದು ಕೂಡಿಸುವವರು ಇನ್ನೊಂದು ಗುಂಡಿಗೆ ಬೀಳುತ್ತಾರೆ: ‘ಫಾರ್ಮ್ಯಾಟ್’ ಘಟ್ಟ ಒಂದೇ ಸಾಲಿಗೆ ಒಂದಕ್ಕಿಂತ ಹೆಚ್ಚು ಸಲ ನಡೆಯಬಹುದು, ಏಕೆಂದರೆ ಸಾಲು ಪುಟಕ್ಕೆ ಹಿಡಿಯದಿದ್ದರೆ ಆಕ್ಸೆಸ್ ಹಿಂದೆ ಸರಿದು ಮತ್ತೆ ಜೋಡಿಸುತ್ತದೆ. ಅಲ್ಲಿ ಕೂಡಿಸಿದ ಮೊತ್ತ ಪುಟದ ಕೊನೆಯ ಸಾಲುಗಳಲ್ಲಿ ಮಾತ್ರ ತಪ್ಪುವುದರಿಂದ ಪತ್ತೆ ಹಚ್ಚುವುದು ಕಷ್ಟ.

ಮನೆ ಎಳೆದ ನಮೂನೆಗಳಲ್ಲಿ ಇನ್ನೊಂದು ಪೇಚು. ಉದ್ದದ ವಿಳಾಸ ಎರಡು ಸಾಲಾಗಲಿ ಎಂದು ಪೆಟ್ಟಿಗೆಗೆ ‘ಕ್ಯಾನ್ ಗ್ರೋ’ ಕೊಟ್ಟರೆ ಆ ಪೆಟ್ಟಿಗೆ ಮಾತ್ರ ಬೆಳೆಯುತ್ತದೆ. ಪಕ್ಕದ ಮನೆಗಳು ಇದ್ದಷ್ಟೇ ಎತ್ತರದಲ್ಲಿ ನಿಲ್ಲುತ್ತವೆ, ಗೆರೆಗಳು ಮುರಿದ ಮೆಟ್ಟಿಲಾಗುತ್ತವೆ. ಪೆಟ್ಟಿಗೆಯ ಅಂಚನ್ನು ತೆಗೆದುಹಾಕಿ, ‘ಪ್ರಿಂಟ್’ ಘಟ್ಟದಲ್ಲಿ ಆ ಸಾಲಿನ ಪೂರ್ತಿ ಎತ್ತರಕ್ಕೆ ಕೋಡಿನಿಂದಲೇ ಗೆರೆ ಎಳೆಯಬೇಕು. ಕನ್ನಡಕ್ಕೆ ಎತ್ತರದ ಚಿಂತೆ ಒಂದೇ ಸಾಲಿನಲ್ಲೂ ಇದೆ. ಇಂಗ್ಲಿಷ್ ಅಕ್ಷರದ ಅಂದಾಜಿಗೆ ಕೂತ ಪೆಟ್ಟಿಗೆಯಲ್ಲಿ ‘ರಾಷ್ಟ್ರ’, ‘ಲಕ್ಷ್ಮಮ್ಮ’ಗಳ ಒತ್ತಿನ ಬುಡ ಕತ್ತರಿಸಿಹೋಗುತ್ತದೆ, ಪರದೆಯಲ್ಲಿ ಸರಿಯಾಗಿ ಕಂಡದ್ದು ಅಚ್ಚಿನಲ್ಲಿ ಕೆಡುವುದೂ ಉಂಟು.

ನಮೂನೆಯನ್ನು ಬದಲಿಸಬಾರದ ವರದಿಗಳೂ ಇವೆ. ಕರ್ನಾಟಕದ ‘ಭೂಮಿ’ ಯೋಜನೆ ಡೆಸ್ಕ್‌ಟಾಪ್ ಡೇಟಾಬೇಸಿಗಿಂತ ಬಹಳ ದೊಡ್ಡದು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಅದು ಗಣಕಕ್ಕೆ ತಂದಿತು. ಆದರೂ ಇಲ್ಲಿ ಅದು ಪ್ರಸ್ತುತ. ಅಚ್ಚಾಗಿ ಬರುವ ಪಹಣಿ ಹಳೆಯ ಕಾಲಂ ಸಂಖ್ಯೆಗಳನ್ನು ಬಿಡಲಿಲ್ಲ. ಬ್ಯಾಂಕಿನವರು ‘ಕಾಲಂ 11 ನೋಡಿ’ ಎಂದರೆ ಋಣಭಾರ, ‘ಕಾಲಂ 9’ ಎಂದರೆ ಸ್ವಾಧೀನದಾರರು ಎಂದು ಊರಿನವರಿಗೆಲ್ಲ ಗೊತ್ತು. ಇಂಥ ಕಡೆ ವರದಿಯ ರೂಪಕ್ಕೆ ಕೈ ಹಚ್ಚದೆ, ಪರದೆಯನ್ನು ಮಾತ್ರ ಕೆಲಸಕ್ಕೆ ತಕ್ಕಂತೆ ಬೇರೆಯಾಗಿ ರೂಪಿಸುವುದೇ ವಿವೇಕ. ಓದುವವರ ಅಭ್ಯಾಸವೂ ವಿನ್ಯಾಸದ ಒಂದು ಭಾಗ.

ಗುಂಪಿನ ಕೀಲಿ ಮತ್ತು ಕನ್ನಡ

ಹಾಲಿನ ಬಟವಾಡೆ ಪಟ್ಟಿಯನ್ನು ಸದಸ್ಯರ ಹೆಸರಿನ ಮೇಲೆ ಗುಂಪು ಮಾಡಿದರೆಂದುಕೊಳ್ಳಿ. ಊರಿನಲ್ಲಿ ಇಬ್ಬರು ಲಕ್ಷ್ಮಮ್ಮ ಇದ್ದರೆ ಇಬ್ಬರ ಹಾಲೂ ಒಂದೇ ಮೊತ್ತವಾಗುತ್ತದೆ. ಒಬ್ಬನೇ ಮಂಜುನಾಥ ‘ಮಂಜುನಾಥ’, ‘ಮಂಜುನಾಥ್’, ‘ಎಂ. ಮಂಜುನಾಥ’ ಎಂದು ಮೂರು ಬಗೆಯಲ್ಲಿ ಟೈಪಾಗಿದ್ದರೆ ಮೂವರಾಗುತ್ತಾನೆ. ವರದಿ ಬರೆದವರು ಇದನ್ನು ವರದಿಯಲ್ಲಿ ಸರಿಪಡಿಸಲಾರರು. ಹಾಲು ಅಳೆಯುವ ಪರದೆಯಲ್ಲಿ ಹೆಸರನ್ನು ಟೈಪಿಸಲು ಬಿಟ್ಟದ್ದೇ ಮೂಲ. ಕಾಂಬೊ ಬಾಕ್ಸಿನಲ್ಲಿ ಮೊದಲ ಕಾಲಂ ಸದಸ್ಯ ಸಂಖ್ಯೆ, ಅದರ ಅಗಲ ಸೊನ್ನೆ, ಕಾಣುವುದು ಹೆಸರು, ಉಳಿಯುವುದು ಸಂಖ್ಯೆ: ಈ ಪುಟ್ಟ ಏರ್ಪಾಡು ವರದಿಯ ಎಷ್ಟೋ ರೋಗಗಳನ್ನು ಬುಡದಲ್ಲೇ ತಡೆಯುತ್ತದೆ.

ಅಕಾರಾದಿ ಬೇಕಾದಲ್ಲಿ ಮಾತ್ರ ತೊಡಕು ಆಳವಾದದ್ದು. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹದಂಥ ತಂತ್ರಾಂಶಗಳಲ್ಲಿ ಕನ್ನಡ ಸಂಗ್ರಹವಾಗುತ್ತಿದ್ದದ್ದು ಅಕ್ಷರದ ತುಣುಕುಗಳ ಸಂಕೇತಗಳಾಗಿ, ಅವು ಕಣ್ಣಿಗೆ ಕಾಣುವ ಕ್ರಮದಲ್ಲಿ. ‘ಕರ್ನಾಟಕ’ದ ಅರ್ಕಾವೊತ್ತು ಬರಹದಲ್ಲಿ ‘ನಾ’ದ ನಂತರ ಕಾಣುತ್ತದೆ, ಸಂಗ್ರಹದಲ್ಲೂ ಅದು ಅಲ್ಲಿಯೇ. ಹಾಗಾಗಿ ವಿಂಗಡಿಸುವಾಗ ಡೇಟಾಬೇಸ್ ಆ ಪದವನ್ನು ‘ಕನಾ’ ಎಂದು ಓದಿ ‘ಕನಕ’ದ ನೆರೆಯಲ್ಲಿ ಕೂರಿಸುತ್ತದೆ. ‘ಕ’ದ ಮೈಗೂ ‘ಕಿ’ಗೂ ಬೇರೆ ಬೇರೆ ಸಂಕೇತಗಳಿದ್ದುದರಿಂದ, ಮೊದಲ ಅಕ್ಷರದ ಮೇಲೆ ಗುಂಪು ಮಾಡಿದರೆ ‘ಕಮಲ’ ಒಂದು ಗುಂಪು, ‘ಕಿರಣ’ ಇನ್ನೊಂದು. ಫಾಕ್ಸ್‌ಪ್ರೊ ಕೊನೆಯ ಆವೃತ್ತಿಯವರೆಗೂ ಯೂನಿಕೋಡಿಗೆ ಹೊರಳಲಿಲ್ಲವಾದ್ದರಿಂದ ಅದನ್ನು ನೆಚ್ಚಿದ ಕಚೇರಿಗಳು ಈ ಗೋಜಲಿನಲ್ಲೇ ಉಳಿದವು. ಆಕ್ಸೆಸ್ 2000 ಯೂನಿಕೋಡ್ ಸಂಗ್ರಹಿಸಬಲ್ಲದಾಗಿತ್ತು, ಆದರೆ ವಿಂಡೋಸ್‌ನಲ್ಲಿ ಕನ್ನಡವನ್ನು ಸರಿಯಾಗಿ ಜೋಡಿಸಿ ತೋರಿಸುವ ವ್ಯವಸ್ಥೆ ತುಂಗಾ ಅಕ್ಷರಶೈಲಿಯೊಡನೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ.

ಯೂನಿಕೋಡಿನಲ್ಲಿ ‘ಕರ್ನಾಟಕ’ದ ರ ಉಚ್ಚಾರದ ಜಾಗದಲ್ಲೇ ಇದೆ, ಮೊದಲ ಒಂದು ಸಂಕೇತದ ಮೇಲೆ ಗುಂಪು ಮಾಡಿದರೆ ಕ-ಕಾ-ಕಿ ಎಲ್ಲವೂ ಒಟ್ಟಿಗೆ ಬರುತ್ತವೆ. ಎರಡು ಸಂಕೇತ ಎಂದರೆ ಮಾತ್ರ ಅಕ್ಷರ ಒಡೆಯುತ್ತದೆ: ‘ಕೃಷ್ಣ’ದ ಮೊದಲೆರಡು ಸಂಕೇತ ‘ಕೃ’, ‘ಕ್ರಮ’ದ್ದು ಬರೀ ‘ಕ್’. ಸಂಕೇತಗಳ ಬರೀ ಕ್ರಮಸಂಖ್ಯೆಯನ್ನೇ ನೆಚ್ಚುವ ಪ್ರೋಗ್ರಾಮುಗಳಲ್ಲಿ ಇನ್ನೊಂದು ಗಮನಾರ್ಹ ಸಂಗತಿಯಿದೆ. ‘ಕೊ’ ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಎತ್ವ ಮತ್ತು ಊತ್ವಗಳ ಜೋಡಿಯಿಂದಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯೂನಿಕೋಡ್ ನಿಯಮದಲ್ಲೂ ಸಮಾನ. ಆದರೆ ಏಕರೂಪಕ್ಕೆ ತರದೆ ಹೋಲಿಸಿದರೆ ‘ಕೊಪ್ಪ’ ಎಂಬ ಒಂದೇ ಊರಿಗೆ ಎರಡು ತಲೆಬರಹ ಬರುತ್ತವೆ.

ಬಟವಾಡೆ ಪಟ್ಟಿಗೆ ಇದ್ಯಾವುದೂ ಬೇಕಿಲ್ಲ, ಅಲ್ಲಿ ಸದಸ್ಯ ಸಂಖ್ಯೆಯ ಕ್ರಮವೇ ಓದುವವರಿಗೂ ರೂಢಿ. ಅಕಾರಾದಿ ಬೇಕಾಗುವುದು ಸದಸ್ಯರ ಹೆಸರುಪಟ್ಟಿಯಂಥ ಕೆಲವೇ ವರದಿಗಳಿಗೆ. ಅವುಗಳಿಗಾಗಿ ಸದಸ್ಯರ ಟೇಬಲ್ಲಿನಲ್ಲಿ ವಿಂಗಡಣೆಗೆಂದೇ ಪ್ರತ್ಯೇಕ ಕಾಲಂ ಇಡುವುದು ಉತ್ತಮ: ಇನಿಷಿಯಲ್ ಹಿಂದಕ್ಕೆ ಹಾಕಿ, ಸ್ವರಚಿಹ್ನೆಗಳನ್ನು ಏಕರೂಪಕ್ಕೆ ತಂದು, ಸದಸ್ಯರನ್ನು ನೋಂದಾಯಿಸುವ ಫಾರಂನಲ್ಲಿಯೇ ಅದನ್ನು ಒಮ್ಮೆ ತುಂಬಿಬಿಡಬೇಕು. ಅಚ್ಚಿನಲ್ಲಿ ಆ ಕಾಲಂ ಕಾಣಬೇಕಿಲ್ಲ.