ಮೂವತ್ತಾರು ಸಲ ಒತ್ತಿದರೆ ಮುಗೀತು: ಬೆಂಗಳೂರಿನ ಹೂವು, ಹುಳ, ಕ್ಯಾಮೆರಾ

ಜನವರಿ ಇರಲಿ, ಆಗಸ್ಟ್ ಇರಲಿ, ಲಾಲ್‌ಬಾಗ್ ಫ್ಲವರ್ ಶೋ ಮುಗಿಯೋ ಹೊತ್ತಿಗೆ ನಿಮ್ಮ ಫೋನ್ ಗ್ಯಾಲರಿ ತುಂಬಾ ಡೇಲಿಯಾ, ಗುಲಾಬಿ. ಅದರಲ್ಲಿ ಒಂದನ್ನ ಅಂತರರಾಷ್ಟ್ರೀಯ ಫೋಟೊ ಸ್ಪರ್ಧೆಯ ‘ನೇಚರ್’ ವಿಭಾಗಕ್ಕೆ ಕಳಿಸಿ ನೋಡಿ. ಎಷ್ಟೇ ಚೆನ್ನಾಗಿದ್ರೂ ಔಟ್. ಫಿಯಾಪ್, ಪಿಎಸ್‌ಎ, ಆರ್‌ಪಿಎಸ್ ಅನ್ನೋ ಮೂರು ದೊಡ್ಡ ಸಂಸ್ಥೆಗಳು 2015ರ ಹೊತ್ತಿಗೆ ಒಟ್ಟಾಗಿ ಒಪ್ಪಿಕೊಂಡ ವ್ಯಾಖ್ಯಾನದಲ್ಲಿ, ಮನುಷ್ಯ ಬೆಳೆಸಿದ ಗಿಡ, ಹೈಬ್ರಿಡ್ ಹೂವು ಇವಕ್ಕೆ ಜಾಗ ಇಲ್ಲ. ಎಲೆ ಮೇಲೆ ಕೂತಿರೋ ಹುಳ ಪ್ರಕೃತಿ, ಎಲೆ ಅಲ್ಲ!

ನಿಯಮಕ್ಕೆ ಅದರದ್ದೇ ಕಾರಣ ಇದೆ, ಜಗಳ ಬೇಡ. ಆದ್ರೆ ನಮ್ಮೂರಿನ ಮಟ್ಟಿಗೆ ಕಥೆ ಶುರುವಾಗೋದೇ ಬೆಳೆಸಿದ ತೋಟದಿಂದ.

1874ರಲ್ಲಿ ಜಾನ್ ಕ್ಯಾಮೆರಾನ್ ಅನ್ನೋರು ಲಾಲ್‌ಬಾಗ್ ಜವಾಬ್ದಾರಿ ತಗೊಂಡ್ರು. ಇಂಗ್ಲೆಂಡಿನ ಕ್ಯೂ ಗಾರ್ಡನ್‌ನಲ್ಲಿ ಪಳಗಿದವರು. ಹೊರದೇಶದ ಗಿಡಗಳು ಬರ್ತಾನೇ ಇದ್ವು, ಎಲ್ಲದರ ದಾಖಲೆ ಬೇಕಿತ್ತು. ಹೆಸರಲ್ಲೇ ಕ್ಯಾಮೆರಾ ಇದ್ರೂ ಅವರ ಕಾಲದಲ್ಲಿ ಲಾಲ್‌ಬಾಗ್ ನೆಚ್ಚಿಕೊಂಡಿದ್ದು ಕುಂಚ ಹಿಡಿದವರನ್ನ. ಚೆಲುವಯ್ಯ ರಾಜು ಅನ್ನೋ ಕಲಾವಿದರು ಅಲ್ಲಿನ ಗಿಡ, ಹೂವು, ಹಣ್ಣುಗಳನ್ನ ಜಲವರ್ಣದಲ್ಲಿ ಬರೆದ್ರು. ಆ ಚಿತ್ರಗಳಲ್ಲಿ ಹಲವು ಇವತ್ತಿಗೂ ಲಾಲ್‌ಬಾಗ್‌ನಲ್ಲೇ ಇವೆ.

ಆಗ ಕ್ಯಾಮೆರಾ ಇರಲಿಲ್ವಾ? ಇತ್ತು. ಆದ್ರೆ ಕಪ್ಪುಬಿಳುಪಿನಲ್ಲಿ ಕೆಂಪು ದಾಸವಾಳ ಮತ್ತು ಎಲೆ ಎರಡೂ ಒಂದೇ ಬೂದು ಬಣ್ಣ. ಇನ್ನೊಂದು ವಿಷಯ, ಚಿತ್ರಕಾರ ಮಾರ್ಚ್ ತಿಂಗಳ ಮೊಗ್ಗು, ಮೇ ತಿಂಗಳ ಹೂವು, ಆಗಸ್ಟಿನ ಬೀಜ ಮೂರನ್ನೂ ಒಂದೇ ಹಾಳೆ ಮೇಲೆ ಕೂರಿಸಬಹುದು. ಫೋಟೊ ಹಿಡಿಯೋದು ಒಂದು ಕ್ಷಣ ಮಾತ್ರ. ಅಂದ್ರೆ ಆ ಒಂದು ಹಾಳೆಗೋಸ್ಕರ ಒಂದೇ ಗಿಡದ ಮುಂದೆ ತಿಂಗಳುಗಟ್ಟಲೆ ಹೋಗಿ ಬರಬೇಕಿತ್ತು.

ಈಗ ಸ್ವಲ್ಪ ಮುಂದಕ್ಕೆ, ಸ್ವಾತಂತ್ರ್ಯದ ನಂತರಕ್ಕೆ. ಒ.ಸಿ. ಎಡ್ವರ್ಡ್ಸ್ ಅಂತ ಒಬ್ಬರು ಬೆಂಗಳೂರಲ್ಲಿ ಹಕ್ಕಿಗಳ ಫೋಟೊ ತೆಗೀತಿದ್ರು. ಅವರ ಹಿಂದೆ ಹೋಗಿ ಕಲಿತವರು ಟಿ.ಎನ್.ಎ. ಪೆರುಮಾಳ್, ಆಮೇಲೆ ದೇಶಕ್ಕೇ ಗುರು ಅನ್ನಿಸ್ಕೊಂಡವರು. 2017ರಲ್ಲಿ ತೀರಿಕೊಂಡ್ರು. ಇ. ಹನುಮಂತರಾವ್ ಕೂಡ ಇದೇ ಊರಿನವರು. ಇವರ ಜೊತೆ ಸಂಡೂರಿನ ಎಂ.ವೈ. ಘೋರ್ಪಡೆ ಅವರನ್ನೂ ಸೇರಿಸಬೇಕು. ಬಿ.ಕಾಂ. ಓದಿರೋ ನನಗೆ ಇದು ಭಾರೀ ಖುಷಿ ಕೊಡೋ ವಿಷಯ: ದೇವರಾಜ ಅರಸು ಸರ್ಕಾರದಲ್ಲಿ ಹಣಕಾಸು ಮಂತ್ರಿ ಆಗಿದ್ದವರು ಕಾಡಿಗೆ ಹೋಗಿ ಕಪ್ಪುಬಿಳುಪು ಫೋಟೊ ತೆಗೀತಿದ್ರು!

ಬಿ.ಕಾಂ. ಮಾತು ಬಂದಿದ್ದಕ್ಕೆ ಒಂದು ಲೆಕ್ಕ. 35 ಎಂಎಂ ರೋಲಿನಲ್ಲಿ 36 ಫೋಟೊ. ಚೌಕ ಚಿತ್ರ ಕೊಡೋ 120 ಫಿಲ್ಮಿನಲ್ಲಿ 12. ಒಂದೊಂದು ಸಲ ಒತ್ತಿದಾಗಲೂ ದುಡ್ಡು ಹೋಗುತ್ತೆ, ಬಂದಿದ್ಯೋ ಇಲ್ವೋ ಅಂತ ತೊಳೆಯೋ ತನಕ ಗೊತ್ತಾಗಲ್ಲ. ಹಾಗಾಗಿ ಒತ್ತೋಕೆ ಮುಂಚೆ ನೋಡ್ತಿದ್ರು. ಚಿಟ್ಟೆ ಎಷ್ಟು ಹೊತ್ತಿಗೊಮ್ಮೆ ಅದೇ ಹೂವಿಗೆ ವಾಪಸ್ ಬರುತ್ತೆ? ರೆಕ್ಕೆ ಯಾವಾಗ ಬಿಚ್ಚುತ್ತೆ? ಈಗ ನಮಗೆ ಒಂದು ಕ್ಲಿಕ್ಕಿನ ಖರ್ಚು ಸೊನ್ನೆ. ಬರ್ಸ್ಟ್ ಮೋಡ್‌ನಲ್ಲಿ ಇನ್ನೂರು ತೆಗೆದು ಮನೆಗೆ ಬಂದು ಡಿಲೀಟ್ ಮಾಡ್ತೀವಿ. ಹಳೇದೇ ಚೆಂದ ಅಂತ ಅಳೋನು ನಾನಲ್ಲ. ಆಗ ಇದು ದುಡ್ಡಿದ್ದವರ ಹವ್ಯಾಸ, ಇವತ್ತು ಕಾಲೇಜು ಹುಡುಗಿ ಬಸ್ ಹತ್ತಿ ಲಾಲ್‌ಬಾಗ್‌ಗೆ ಹೋಗಿ ತೆಗೀಬಹುದು.

ಗಾಂಧಿನಗರ ಅಂದ್ರೆ ಎಲ್ಲರಿಗೂ ಸಿನಿಮಾ. ಕ್ಯಾಮೆರಾ ಅಂದ್ರೆ ಶೂಟಿಂಗ್. ಆದ್ರೆ ಅಲ್ಲಿಂದ ಸ್ವಲ್ಪವೇ ದೂರದ ನೃಪತುಂಗ ರಸ್ತೆಯ ಯುವಕೇಂದ್ರದ ಮಹಡಿಯಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಇದೆ, 1971ರಲ್ಲಿ ಶುರುವಾಗಿದ್ದು. ಪೆರುಮಾಳ್ ಅಂಥವರ ಹತ್ರ ಹೊಸಬರು ಕೂತು ಕಲಿಯೋಕೆ ಇಂಥ ಕ್ಲಬ್‌ಗಳೇ ದಾರಿ ಆದವು. ಅತ್ತ ಮೂಡಿಗೆರೆಯಲ್ಲಿ ತೇಜಸ್ವಿ ಕ್ಲಬ್ಬೂ ಇಲ್ಲ ಏನೂ ಇಲ್ಲ, ತಮ್ಮ ಕಾಫಿ ತೋಟದ ಸುತ್ತಮುತ್ತ ಬಂದ ಹಕ್ಕಿಗಳನ್ನೇ ಕಾದು ಕೂತು ತೆಗೀತಿದ್ರು. ‘ಕನ್ನಡನಾಡಿನ ಹಕ್ಕಿಗಳು’ ನೋಡಿ ಬೈನಾಕ್ಯುಲರ್ ಕೊಂಡವರು ನಿಮ್ಮ ಮನೇಲೇ ಒಬ್ಬರಿರಬಹುದು.

ತೋಟ ಯಾಕೆ ಮುಖ್ಯ ಅಂದ್ರೆ, ಅಲ್ಲಿಗೆ ನಾಳೆ ಮತ್ತೆ ಹೋಗಬಹುದು. ಕಬಿನಿಗೆ ವರ್ಷಕ್ಕೊಂದ್ಸಲ, ಅದೂ ಜೀಪಿನವನು ಹೇಳಿದಷ್ಟು ಹೊತ್ತು. ಮಲ್ಲೇಶ್ವರ, ಬಸವನಗುಡಿಯ ಹಳೇ ಮನೆ ಕಾಂಪೌಂಡಿನಲ್ಲಿ ಒಂದು ಕರಿಬೇವಿನ ಗಿಡ ಇದ್ರೆ ಎಲೆ ತಿರುಗಿಸಿ ನೋಡಿ. ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳ ಚಿಕ್ಕದಿದ್ದಾಗ ಥೇಟ್ ಹಕ್ಕಿ ಹಿಕ್ಕೆ ಥರ ಇರುತ್ತೆ. ಅಮ್ಮ ಒರೆಸಿ ಬಿಸಾಕೋದು ಅದಕ್ಕೇ. ದೊಡ್ಡದಾದ ಮೇಲೆ ಹಸಿರು, ಎಲೆ ಮೇಲೆ ಇದ್ರೂ ಕಾಣಲ್ಲ. ಮುಟ್ಟಿದ್ರೆ ತಲೆ ಹಿಂದಿಂದ ಕೆಂಪು ಕವಲು ಹೊರಗೆ ಬರುತ್ತೆ, ವಾಸನೆ ಬೇರೆ. ಒಂದು ಕರಿಬೇವಿನ ಗಿಡದಲ್ಲಿ ಎರಡು ಮೂರು ವಾರದ ಧಾರಾವಾಹಿ!

ಬೆಳಗ್ಗೆ ಬೇಗ ಹೋಗಿ. ಹುಳಗಳ ಮೈ ಇನ್ನೂ ತಣ್ಣಗಿರುತ್ತೆ, ಬಿಸಿಲೇರೋ ತನಕ ಹಾರಲ್ಲ. ಹತ್ತಿರದಿಂದ ತೆಗೆದಾಗ ಫೋಕಸ್ ಇರೋದು ಕೂದಲೆಳೆಯಷ್ಟು, ಹಾಗಾಗಿ ಗಾಳಿಗೆ ಅಡ್ಡ ಒಂದು ರಟ್ಟು ಹಿಡ್ಕೊಳ್ಳಿ. ಮ್ಯಾಕ್ರೊ ಲೆನ್ಸಿಗೆ ದುಡ್ಡಿಲ್ಲದ ಫಿಲ್ಮ್ ಕಾಲದವರು ಮಾಮೂಲಿ ಲೆನ್ಸನ್ನೇ ಉಲ್ಟಾ ಹಾಕಿ ಇರುವೆಯ ಕಣ್ಣು ತೆಗೀತಿದ್ರು. ಆ ಉಪಾಯ ಇವತ್ತಿಗೂ ನಡೆಯುತ್ತೆ.

ಅಡ್ಡದಾರಿಗಳೂ ಇವೆ. ಚಿಟ್ಟೆಯನ್ನ ಫ್ರಿಜ್ಜಲ್ಲಿಟ್ಟು ಮಂಕು ಮಾಡಿ ಹೂವಿನ ಮೇಲೆ ಕೂರಿಸೋರು ಇದ್ದಾರೆ. ಲೈಕ್ ಬರುತ್ತೆ, ಚಿಟ್ಟೆಯ ಗತಿ ಯಾರಿಗೆ ಬೇಕು? ಫಿಲ್ಮ್ ಕಾಲದಲ್ಲಿ ಹಕ್ಕಿ ಗೂಡಿನ ಪಕ್ಕ ಮರೆ ಕಟ್ಟಿ ಕೂರೋದು ಪ್ರಪಂಚದಲ್ಲೆಲ್ಲ ಮಾನ್ಯವಾದ ಪದ್ಧತಿ. ಕೊಂಬೆ ಸರಿಸಿದ್ರೆ ಗೂಡು ಕಾಗೆಗೂ ಕಾಣುತ್ತೆ, ತಾಯಿ ಹೆದರಿ ಬಿಟ್ಟು ಹೋಗುತ್ತೆ ಅಂತ ನಿಧಾನಕ್ಕೆ ಅರ್ಥ ಆಯ್ತು. ಇವತ್ತು ಭಾರತದ ಎಷ್ಟೋ ಸ್ಪರ್ಧೆಗಳಲ್ಲಿ ಗೂಡಿನ ಫೋಟೊ ತಗೊಳ್ಳೋದೇ ಇಲ್ಲ. ಇದು ಒಳ್ಳೇ ನಿಯಮ, ಡೇಲಿಯಾ ನಿಯಮಕ್ಕಿಂತ ನೂರು ಪಾಲು.

ಕೊನೇದಾಗಿ ಕಾಡುಪಾಪ. ದೊಡ್ಡ ಕಣ್ಣಿನ, ಪುಟ್ಟ ರಾತ್ರಿ ಪ್ರಾಣಿ. ಮಲ್ಲೇಶ್ವರದ ಪಕ್ಕದಲ್ಲೇ, ಐಐಎಸ್ಸಿ ಕ್ಯಾಂಪಸ್ಸಿನ ಮರಗಳಲ್ಲಿ ಇದೆ. ಅದು ಮಂಗನ ಥರ ನೆಗೆಯಲ್ಲ, ಕೊಂಬೆಯಿಂದ ಕೊಂಬೆಗೆ ಕೈಯಿಟ್ಟು ನಡೆಯುತ್ತೆ. ನಡುವೆ ಒಂದು ಮರ ಕಡಿದ್ರೆ ಅದರ ರಸ್ತೆ ಅಲ್ಲಿಗೆ ಕಟ್. 2014ರಲ್ಲಿ ಶುರುವಾದ ಅರ್ಬನ್ ಸ್ಲೆಂಡರ್ ಲೋರಿಸ್ ಪ್ರಾಜೆಕ್ಟಿನವರು ಊರಿನ ಸಾಮಾನ್ಯ ಜನರನ್ನೇ ಕರ್ಕೊಂಡು ರಾತ್ರಿ ಹೊತ್ತು ಇವುಗಳನ್ನ ಹುಡುಕ್ತಾ ನಡೆದ್ರು. ಆ ಕಣ್ಣುಗಳಿಗೆ ಫ್ಲಾಶ್ ಹೊಡೆಯೋ ಹಾಗಿಲ್ಲ. ಅದಕ್ಕೇ ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿಕೊಂಡು ಹೋಗ್ತಾರೆ. ಮಸುಕು ಬೆಳಕಲ್ಲಿ ಫೋಟೊ ಚೆನ್ನಾಗಿ ಬರೋದು ಅನುಮಾನ. ಎಲೆಗಳ ನಡುವೆ ಎರಡು ಕಿತ್ತಳೆ ಚುಕ್ಕಿ ಹೊಳೆದ್ರೆ ಪುಸ್ತಕದಲ್ಲಿ ಟೈಮು, ಮರದ ಹೆಸರು ಬರ್ಕೊಂಡು ಮುಂದಕ್ಕೆ ನಡೀತಾರೆ.