ಐತಿಹಾಸಿಕ ಶೈಲಿಯ ಡಿಜಿಟಲ್ ಚಿತ್ರ: ದೇಹರಚನೆ ಮತ್ತು ಸಂಯೋಜನೆ

ಯುದ್ಧ, ಪಟ್ಟಾಭಿಷೇಕ, ಪ್ರತಿಜ್ಞೆ, ಪುರಾಣ ಪ್ರಸಂಗ ಮೊದಲಾದವನ್ನು ಹಲವು ಆಕೃತಿಗಳ ಮೂಲಕ ನಿರೂಪಿಸುವ ಹಳೆಯ ತೈಲಚಿತ್ರ ಪರಂಪರೆಯನ್ನು ಅನುಸರಿಸಿ ಕಂಪ್ಯೂಟರ್ ಅಥವಾ ಟ್ಯಾಬ್ಲೆಟ್ ಮೇಲೆ ಬರೆಯುವ ಚಿತ್ರಪ್ರಕಾರ. ಕ್ಯಾನ್ವಾಸ್, ಎಣ್ಣೆಬಣ್ಣಗಳ ಜಾಗಕ್ಕೆ ಸ್ಟೈಲಸ್, ಲೇಯರ್‌ಗಳು ಬಂದಿವೆ. ತೊಡಕುಗಳು ಮಾತ್ರ ಹಳೆಯವೇ: ನಿಂತವನು ನಿಂತಂತೆ ಕಾಣುವುದಿಲ್ಲ, ಕವಚದೊಳಗೆ ಮೈ ಇರುವುದಿಲ್ಲ, ಇಪ್ಪತ್ತು ಜನರಿದ್ದರೂ ಯಾರನ್ನು ನೋಡಬೇಕೆಂದು ತಿಳಿಯುವುದಿಲ್ಲ. ಇವುಗಳಲ್ಲಿ ಹೆಚ್ಚಿನವು ಬಣ್ಣ ಹಚ್ಚುವಾಗ ಹುಟ್ಟಿದ ದೋಷಗಳಲ್ಲ. ಬಟ್ಟೆ ತೊಡಿಸುವ ಮೊದಲೇ ಆಗಿಹೋದವು.

ಇಟಲಿಯ ಆಲ್ಬರ್ಟಿ 1435ರಲ್ಲಿ ಬರೆದ ಚಿತ್ರಕಲೆಯ ಗ್ರಂಥದಲ್ಲಿ ಈ ಕ್ರಮವನ್ನು ಹೇಳಿದ್ದಾನೆ: ಮೊದಲು ಎಲುಬು, ಆಮೇಲೆ ಸ್ನಾಯು, ಅದರ ಮೇಲೆ ಮಾಂಸ, ಬಟ್ಟೆಯ ಸರದಿ ಕೊನೆಗೆ. ಈ ಕ್ರಮವನ್ನು ಕಣ್ಣಾರೆ ಕಾಣಬಯಸುವವರಿಗೆ ಫ್ರಾನ್ಸಿನ ವರ್ಸೈಲ್ಸ್‌ನಲ್ಲಿ ಒಂದು ಅಪೂರ್ಣ ಕ್ಯಾನ್ವಾಸ್ ಇದೆ. ಫ್ರೆಂಚ್ ಕ್ರಾಂತಿಯ ವೇಳೆ 1789ರ ಜೂನ್ 20ರಂದು ಟೆನಿಸ್ ಅಂಗಳದಲ್ಲಿ ಜನಪ್ರತಿನಿಧಿಗಳು ಮಾಡಿದ ಪ್ರತಿಜ್ಞೆಯನ್ನು ಚಿತ್ರಕಾರ ಜಾಕ್ ಲೂಯಿ ದವೀದ್ ಅದರಲ್ಲಿ ಚಿತ್ರಿಸಹೊರಟಿದ್ದ. ಕೈಯೆತ್ತಿ ನಿಂತ ಜನಪ್ರತಿನಿಧಿಗಳ ಮೈಮೇಲೆ ನೂಲಿನೆಳೆಯೂ ಇಲ್ಲ. ಬರಿಯ ರೇಖೆಯ ಬೆತ್ತಲೆ ದೇಹಗಳ ಮೇಲೆ ಅಲ್ಲೊಂದು ಇಲ್ಲೊಂದು ಪೂರ್ತಿ ಬಣ್ಣ ಕಂಡ ತಲೆ ಕೂತಿದೆ. ನೋಡಿದರೆ ನಗು ಬರುತ್ತದೆ. ಆದರೆ ಕೋಟಿನ ಮಡಿಕೆ ಎಲ್ಲಿ ಬೀಳಬೇಕೆಂಬುದು ಒಳಗಿನ ಭುಜ, ಮಂಡಿಗಳಿಂದಲೇ ನಿರ್ಧಾರವಾಗುತ್ತದೆ ಎಂಬುದು ದವೀದ್‌ಗೆ ಗೊತ್ತಿತ್ತು. ಡಿಜಿಟಲ್ ಚಿತ್ರಕಾರನಿಗೆ ಇದು ಇನ್ನೂ ಸುಲಭ: ಬೆತ್ತಲೆ ಆಕೃತಿಗೆ ಒಂದು ಲೇಯರ್, ಉಡುಪಿಗೆ ಅದರ ಮೇಲೊಂದು. ಮೇಲಿನದನ್ನು ಮರೆಮಾಡಿ ನೋಡಿದಾಗ ತೋಳು ಭುಜಕ್ಕೆ ಸೇರದೆ ಎದೆಯಿಂದ ಹೊರಟಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಪ್ರಮಾಣದ ವಿಷಯದಲ್ಲಿ ಒಂದು ಗೊಂದಲ ಪದೇ ಪದೇ ಎದುರಾಗುತ್ತದೆ. ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್‌ನ ಲೆಕ್ಕದಲ್ಲಿ ಗಲ್ಲದಿಂದ ನೆತ್ತಿಯವರೆಗಿನ ತಲೆ ಎತ್ತರದ 1/8 ಭಾಗ. ಗಲ್ಲದಿಂದ ಕೂದಲಂಚಿನವರೆಗಿನ ಮುಖ 1/10 ಭಾಗ. ನಮ್ಮ ಶಿಲ್ಪಶಾಸ್ತ್ರದ ತಾಳವೂ ಮುಖದ ಅಳತೆಯೇ. ಒಂದು ತಾಳಕ್ಕೆ 12 ಅಂಗುಲ, ನವತಾಳಕ್ಕೆ 108 ಅಂಗುಲ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಹಂಸನೆಂಬ ಪುರುಷಮಾದರಿಗೆ ಹೇಳುವ ಎತ್ತರ ಇಷ್ಟೇ. ತಾಳವೆಂದರೆ ಇಡೀ ತಲೆ ಎಂದು ತಿಳಿದು ನವತಾಳದ ಆಕೃತಿ ಬರೆದರೆ ತೆಂಗಿನಮರದ ತುದಿಗೆ ನಿಂಬೆಹಣ್ಣು ಸಿಕ್ಕಿಸಿದ ಹಾಗಾಗುತ್ತದೆ. ಯುರೋಪಿನ ಅಳತೆಯ ದೇಹಕ್ಕೆ ಹೊಯ್ಸಳ ಶಿಲ್ಪದ ಆಭರಣ ತೊಡಿಸಿದಾಗಲೂ ಏನೋ ಹೊಂದುವುದಿಲ್ಲ; ಯಾವ ಪರಂಪರೆಯ ಮೈ ಎಂಬುದು ಮೊದಲೇ ತೀರ್ಮಾನವಾಗಬೇಕು.

ನಿಲುವಿಗೆ ಬೇಕಾದದ್ದು ಭಾರದ ಲೆಕ್ಕ. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತವನ ಕೊರಳ ಗುಳಿಯಿಂದ ತೂಗುಗುಂಡು ಇಳಿಬಿಟ್ಟರೆ ಅದು ಆ ಕಾಲಿನ ಪಾದದ ಹತ್ತಿರ ಬೀಳುತ್ತದೆ. ಭಾರ ಹೊತ್ತ ಕಡೆಯ ಸೊಂಟ ಮೇಲೇರುತ್ತದೆ, ಅದೇ ಕಡೆಯ ಭುಜ ಕೆಳಗಿಳಿಯುತ್ತದೆ. ಗ್ರೀಕ್ ಶಿಲ್ಪಿಗಳು ಬಳಸಿದ್ದು ಇದನ್ನೇ. ನಮ್ಮ ಶಿಲ್ಪದ ಮೂರು ಬಾಗಿನ ನಿಲುವಾದ ತ್ರಿಭಂಗದಲ್ಲಿ ಕೊರಳಿನ ಬಾಗು ಇನ್ನಷ್ಟು ಎದ್ದು ಕಾಣುತ್ತದೆ. ಸೊಂಟ, ಭುಜಗಳೆರಡನ್ನೂ ಸಮಾನಾಂತರವಾಗಿ ಎಳೆದ ಸೈನಿಕ ಎಷ್ಟು ಚೆಂದದ ಕತ್ತಿ ಹಿಡಿದರೂ ಬಟ್ಟೆಯಂಗಡಿಯ ಗೊಂಬೆಯೇ.

ಸಂಯೋಜನೆಗೆ ದವೀದ್‌ನದೇ ‘ಹೊರೇಶಿಯರ ಪ್ರತಿಜ್ಞೆ’ ಒಳ್ಳೆಯ ಪಾಠ. 1784ರಲ್ಲಿ ರೋಮ್‌ನಲ್ಲಿ ಮುಗಿದು ಮರುವರ್ಷ ಪ್ಯಾರಿಸ್‌ನ ಸಲೋನ್‌ನಲ್ಲಿ ಪ್ರದರ್ಶನಗೊಂಡ ಈ ಚಿತ್ರ ಈಗ ಲೂವ್ರ್‌ನಲ್ಲಿದೆ. ಹಿನ್ನೆಲೆಯಲ್ಲಿ ಮೂರು ಕಮಾನು, ಮುಂದೆ ಮೂರು ಗುಂಪು: ಎಡಕ್ಕೆ ಕೈಚಾಚಿದ ಮೂವರು ಅಣ್ಣತಮ್ಮಂದಿರು, ನಡುವೆ ತಂದೆ, ಬಲಕ್ಕೆ ಕುಸಿದು ಕುಳಿತ ಹೆಂಗಸರು. ನೆಲದ ಕಲ್ಲುಹಾಸಿನ ಗೆರೆಗಳು ಒಳಸರಿದು ಸೇರುವುದು ತಂದೆ ಕತ್ತಿಗಳನ್ನು ಹಿಡಿದ ಕೈಯ ಆಸುಪಾಸಿನಲ್ಲೇ. ಕಮಾನುಗಳಾಚೆ ಕತ್ತಲೆ ಬಿಟ್ಟಿದ್ದರಿಂದ ಪ್ರತಿ ತೋಳಿನ ಅಂಚೂ ಕತ್ತರಿಸಿಟ್ಟಂತಿದೆ. ಗಂಡಸರ ಮೈಯಲ್ಲೆಲ್ಲ ನೇರಗೆರೆ, ಹೆಂಗಸರ ಮೈಯಲ್ಲೆಲ್ಲ ಬಾಗು. ಚಿತ್ರವನ್ನು ಅಂಗೈಯಗಲಕ್ಕೆ ಕುಗ್ಗಿಸಿ ಬಣ್ಣ ತೆಗೆದು ಕಪ್ಪುಬಿಳುಪಿನಲ್ಲಿ ನೋಡಿದರೂ ಕಥೆ ಓದಿಸಿಕೊಳ್ಳುತ್ತದೆ. ಡಿಜಿಟಲ್ ಕೆಲಸಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ. ಪುಟ್ಟ ಕರಡಿನಲ್ಲಿ ಕಾಣದ ನಾಯಕ ಬಣ್ಣ, ಕಸೂತಿ ಸೇರಿಸಿದ ಮೇಲೂ ಕಾಣುವುದಿಲ್ಲ.

ಜನಸಂದಣಿಯಲ್ಲಿ ಬಹುಮಂದಿ ಎಡವುವುದು ತಲೆಗಳ ಎತ್ತರದಲ್ಲಿ. ನೋಡುವವನೂ ಅವರಷ್ಟೇ ಎತ್ತರದವನಾಗಿ ಅದೇ ನೆಲದ ಮೇಲೆ ನಿಂತಿದ್ದರೆ ಹತ್ತಿರದವನ ಕಣ್ಣೂ ದೂರದವನ ಕಣ್ಣೂ ದಿಗಂತರೇಖೆಯ ಮೇಲೇ ಇರಬೇಕು. ದೂರ ಹೋದಂತೆ ಪಾದಗಳು ಮೇಲೇರುತ್ತವೆ, ಅಷ್ಟೇ. ಹಿಂದಿನವರ ತಲೆಗಳನ್ನು ಇಳಿಸುತ್ತ ಹೋದರೆ ಅವರೆಲ್ಲ ಹಳ್ಳಕ್ಕಿಳಿದಂತಾಗುತ್ತದೆ. ಬೇರೆ ಬೇರೆ ಫೋಟೋ ನೋಡಿ ಬರೆದ ಆಕೃತಿಗಳಲ್ಲಿ ಬೆಳಕಿನ ದಿಕ್ಕೂ ಕ್ಯಾಮೆರಾದ ದೂರವೂ ಜಗಳಕ್ಕೆ ನಿಲ್ಲುತ್ತವೆ. ಮೊಬೈಲನ್ನು ಹತ್ತಿರ ಹಿಡಿದು ತೆಗೆದ ಚಿತ್ರದಲ್ಲಿ ಮೂಗು ದಪ್ಪ, ಕಿವಿ ಚಿಕ್ಕದು. ಮೂರು ನಾಲ್ಕು ಮೀಟರ್ ಹಿಂದೆ ಸರಿದು ತೆಗೆದರೆ ಈ ವಿಕಾರ ಬಹುಪಾಲು ಹೋಗುತ್ತದೆ.

ತಪ್ಪು ಹಿಡಿಯಲು ಚಿತ್ರವನ್ನು ಎಡಬಲ ತಿರುಗಿಸಿ ನೋಡುವ ಸೌಲಭ್ಯ ಇಂದು ಚಿತ್ರ ಬರೆಯುವ ಬಹುತೇಕ ಎಲ್ಲ ತಂತ್ರಾಂಶಗಳಲ್ಲೂ ಇದೆ. ಲಿಯೊನಾರ್ಡೊ ಇದೇ ಕೆಲಸಕ್ಕೆ ಕನ್ನಡಿ ಹಿಡಿಯಲು ಹೇಳಿದ್ದ. ಲಿಕ್ವಿಫೈನಂಥ ಉಪಕರಣದಿಂದ ತೋಳನ್ನು ಎಳೆದು ಸರಿಪಡಿಸಬಹುದು, ಆದರೆ ಎಲುಬು ತಪ್ಪಾದ ಕಡೆ ಅದು ತಪ್ಪನ್ನು ನುಣುಪು ಮಾಡುತ್ತದೆಯೇ ಹೊರತು ತಿದ್ದುವುದಿಲ್ಲ.

ಎಲ್ಲ ತಪ್ಪೂ ತಿದ್ದಬೇಕಾದದ್ದಲ್ಲ. ಫ್ರೆಂಚ್ ಚಿತ್ರಕಾರ ಆ್ಯಂಗ್ರ್ 1814ರಲ್ಲಿ ಬರೆದ ಮಲಗಿದ ಜನಾನಾ ಹೆಣ್ಣು ಒಡಾಲಿಸ್ಕ್‌ಳ ಬೆನ್ನು ಮನುಷ್ಯರ ಬೆನ್ನಿಗಿಂತ ಉದ್ದ. ಕಶೇರುಗಳು ಹೆಚ್ಚಾಗಿವೆ ಎಂದು ವಿಮರ್ಶಕರು ಆಗಲೇ ಹೀಗಳೆದರು. ಆದರೆ ಆ ರೇಖೆಯ ಹರಿವಿಗೆ ಆ ಉದ್ದ ಬೇಕಿತ್ತು. ಜೆರಿಕೋ 1819ರ ತನ್ನ ‘ಮೆಡೂಸಾದ ತೆಪ್ಪ’ಕ್ಕಾಗಿ ಆಸ್ಪತ್ರೆಯಲ್ಲಿ ರೋಗಿಗಳನ್ನೂ ಶವಗಳನ್ನೂ ಅಭ್ಯಾಸ ಮಾಡಿದ, ತೆಪ್ಪದ ಮಾದರಿಯನ್ನೇ ಕಟ್ಟಿಸಿದ. ಆದರೂ ಹಡಗೊಡೆದು ತೆಪ್ಪದ ಮೇಲೆ ಹಸಿವಿನಿಂದ ಸಾಯುತ್ತಿದ್ದವರಿಗೆ ಜಟ್ಟಿಗಳ ಮೈಕಟ್ಟು ಕೊಟ್ಟ. ಸುಮಾರು 5 ಮೀಟರ್ ಎತ್ತರ, 7 ಮೀಟರ್ ಅಗಲದ ಆ ಚಿತ್ರದಲ್ಲಿ ಕೆಳಗಿನ ಹೆಣಗಳಿಂದ ತುದಿಯಲ್ಲಿ ಬಟ್ಟೆ ಬೀಸುವವನವರೆಗೆ ಕಣ್ಣು ಹತ್ತಲು ಆ ಸ್ನಾಯುಗಳೇ ಮೆಟ್ಟಿಲು.

ದೇಹರಚನೆಯ ಈ ಹಂಗಿಲ್ಲದೆಯೂ ಸಂಯೋಜನೆ ಗೆಲ್ಲಬಹುದೆಂಬುದಕ್ಕೆ ಶ್ರೀರಂಗಪಟ್ಟಣದ ಅರಮನೆ ದರಿಯಾ ದೌಲತ್‌ನ ಪಶ್ಚಿಮ ಗೋಡೆ ಸಾಕ್ಷಿ. ಮೈಸೂರು ಸೈನ್ಯ ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಕದನದ ಆ ಭಿತ್ತಿಚಿತ್ರದಲ್ಲಿ ಆಕೃತಿಗಳಿಗೆ ನೆರಳಿಲ್ಲ, ಮೈಗಳಿಗೆ ತೂಕವಿಲ್ಲ. ಕುದುರೆಗಳು ಸಾಲು ಸಾಲಾಗಿ ಪಕ್ಕನೋಟದಲ್ಲಿ ಓಡುತ್ತವೆ. ಆ ಓಟವೆಲ್ಲ ಇಂಗ್ಲಿಷ್ ಸಿಪಾಯಿಗಳ ಚೌಕವ್ಯೂಹವನ್ನು ಮುತ್ತುತ್ತದೆ. ಚೌಕದೊಳಗೆ ಮದ್ದಿನ ಬಂಡಿ ಸಿಡಿಯುತ್ತಿದೆ, ಪಲ್ಲಕ್ಕಿಯಲ್ಲಿ ಇಂಗ್ಲಿಷ್ ಪಡೆಯ ನಾಯಕ ಕರ್ನಲ್ ಬೇಲಿ ಬೆರಳು ಕಚ್ಚಿಕೊಂಡು ಕುಳಿತಿದ್ದಾನೆ.