ಸಾಕ್ಷರತಾ ಆಂದೋಲನ: ಕೊಟ್ಟ ಸಮಯ, ಕೊಡದ ಮಾತು

ನಮ್ಮ ಶಾಲೆಯ ಐವತ್ತು ವರ್ಷಗಳ ಇತಿಹಾಸವೆಂದರೆ ಹಗಲಿನ ತರಗತಿಗಳಷ್ಟೇ ಅಲ್ಲ. ತೊಂಬತ್ತರ ದಶಕದಲ್ಲಿ ಕೆಲವು ಕಾಲ ಇದೇ ಕೊಠಡಿಗಳಲ್ಲಿ ರಾತ್ರಿಯೂ ಪಾಠ ನಡೆದಿತ್ತು. ಕಲಿಯುತ್ತಿದ್ದವರು ನಮ್ಮ ಊರಿನ ಹಿರಿಯರು. ಕಲಿಸುತ್ತಿದ್ದವರು ಇಲ್ಲಿಯ ಹಳೆಯ ವಿದ್ಯಾರ್ಥಿಗಳು. ಅವರಲ್ಲಿ ನಾನೂ ಒಬ್ಬ.

ಆ ರಾತ್ರಿ ಶಾಲೆಗಳಿಗೆ ಒಂದು ಹಿನ್ನೆಲೆಯಿದೆ. 1978ರ ಅಕ್ಟೋಬರ್ 2ರಂದು ಆರಂಭವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮದಲ್ಲಿ ಕೇಂದ್ರ ನಡೆಸುವವರಿಗೆ ತಿಂಗಳಿಗೆ 50 ರೂಪಾಯಿ ಗೌರವಧನವಿತ್ತು. 1988ರ ಮೇ 5ರಂದು ರಾಷ್ಟ್ರೀಯ ಸಾಕ್ಷರತಾ ಮಿಷನ್ ಪ್ರಾರಂಭವಾಯಿತು. ಮರುವರ್ಷ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಸಾವಿರಾರು ಸ್ವಯಂಸೇವಕರು ಸಂಬಳವಿಲ್ಲದೆ ಮನೆಮನೆಗೆ ಹೋಗಿ ಕಲಿಸಿದರು. 1990ರ ಫೆಬ್ರವರಿಯಲ್ಲಿ ಅದು ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಣೆಯಾಯಿತು. ನಮ್ಮ ರಾಜ್ಯದಲ್ಲಿ ದಕ್ಷಿಣ ಕನ್ನಡ, ಬಿಜಾಪುರ ಜಿಲ್ಲೆಗಳು ಮೊದಲಿಗೆ ಈ ಹಾದಿ ಹಿಡಿದವು. 1991ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ. 56, ಮಹಿಳೆಯರಲ್ಲಿ ಶೇ. 44 ಮಾತ್ರ. ಕೆಲಸ ಬೇಕಾದಷ್ಟಿತ್ತು.

ಆದರೆ ಗೌರವಧನದ ಕಾಲ ಮುಗಿದು ಸೇವೆಯ ಕಾಲ ಬಂದಿದೆ ಎಂಬುದನ್ನು ಹಳ್ಳಿಗಳಲ್ಲಿ ಬಿಡಿಸಿ ಹೇಳಿದವರು ಕಡಿಮೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಮನೆಯಲ್ಲಿದ್ದ ಹುಡುಗ ಹುಡುಗಿಯರು "ಇವತ್ತು ದುಡಿದರೆ ನಾಳೆ ಸರ್ಕಾರ ಕೈಬಿಡುವುದಿಲ್ಲ" ಎಂದುಕೊಂಡರು. ಕಲಿಯಲು ಬಂದವರಲ್ಲಿ ಕೆಲವರು ಸಾಲವೋ ಪಿಂಚಣಿಯೋ ಸಿಗಬಹುದೆಂದು ನಂಬಿದ್ದರು. ಮೇಲಿನವರಿಗೆ ಬೇಕಾದದ್ದು ತಿಂಗಳ ವರದಿಯಲ್ಲಿ ಏರುವ ಸಂಖ್ಯೆ. ಮೂರು ಹಂತದ ಪುಸ್ತಕಗಳನ್ನು ಸುಮಾರು 200 ಗಂಟೆಗಳಲ್ಲಿ ಮುಗಿಸುವುದು ಯೋಜನೆ. ಸುಗ್ಗಿ ಬಂದರೆ ಕಣದಿಂದ ಏಳದ ಹೆಂಗಸರಿಗೆ ಆ ಗಂಟೆಗಳನ್ನು ಎಲ್ಲಿಂದ ತರುವುದು? ಅಕ್ಕಪಕ್ಕದ ಊರುಗಳಲ್ಲಿ ಕೆಲವು ಕೇಂದ್ರಗಳು ಜಗಳವಿಲ್ಲದೆಯೇ ಮುಚ್ಚಿದವು. ಇವತ್ತು ಒಬ್ಬರು ಬರಲಿಲ್ಲ, ನಾಳೆ ಇನ್ನೊಬ್ಬರು.

ನಮ್ಮಲ್ಲಿ ಅದು ಉಳಿದದ್ದು ಅಂದಿನ ಮುಖ್ಯೋಪಾಧ್ಯಾಯರ ನೇರ ಮಾತಿನಿಂದ. ಮೊದಲ ಸಭೆಯಲ್ಲೇ ಅವರು ಹೇಳಿದರು: "ನೋಡ್ರಪ್ಪಾ, ಸಂಬಳ ಇಲ್ಲ, ನೌಕರಿಯ ಭರವಸೆಯೂ ಇಲ್ಲ. ಒಬ್ಬೊಬ್ಬರಿಗೆ ಹತ್ತೇ ಜನ. ಸೀಮೆಎಣ್ಣೆ, ಸ್ಲೇಟಿನ ಜವಾಬ್ದಾರಿ ಸಮಿತಿಯದು. ಸುಗ್ಗಿಯಲ್ಲಿ ರಜೆ. ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸಿ." ಇದನ್ನು ಕೇಳಿ ಹಲವರು ಎದ್ದು ಹೋದರು. ಮೇಷ್ಟ್ರು ಅವರನ್ನು ಬೈಯಲಿಲ್ಲ, ನಮಗೂ ಬೈಯಲು ಬಿಡಲಿಲ್ಲ. ಉಳಿದ ನಾವು ಮೂರನೆಯ ಪುಸ್ತಕದವರೆಗೆ ಹೋದೆವು. ಸೀಮೆಎಣ್ಣೆ ತಡವಾದಾಗ ಸಮಿತಿಯನ್ನು ಕೇಳುವ ಧೈರ್ಯ ನಮಗಿತ್ತು. ನಾವು ತಪ್ಪಿಸಿದಾಗ ಕೇಳುವ ಹಕ್ಕು ಅವರಿಗಿತ್ತು. ಹೆಬ್ಬೆಟ್ಟು ಒತ್ತುತ್ತಿದ್ದ ತಾಯಂದಿರು ಸಹಕಾರ ಸಂಘದ ಪುಸ್ತಕದಲ್ಲಿ ತಾವೇ ಹೆಸರು ಬರೆದದ್ದನ್ನು ನಾನು ಕಂಡಿದ್ದೇನೆ.

ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ಊರಿನಲ್ಲಿರುವ, ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನಾದರೂ ಮಾಡಬೇಕೆನ್ನುತ್ತಿದ್ದಾರೆ. ಇಂಗ್ಲಿಷ್, ಗಣಿತ ಕಲಿಸಲು ಮುಂದೆ ಬಂದವರೂ ಇದ್ದಾರೆ. ಶಾಲಾಭಿವೃದ್ಧಿ ಸಮಿತಿಯವರೂ ಶಿಕ್ಷಕರೂ ಅವರೊಂದಿಗೆ ಮೊದಲೇ ಕುಳಿತು ನಾಲ್ಕು ವಿಷಯ ಬರೆದಿಟ್ಟುಕೊಳ್ಳಲಿ: ವಾರಕ್ಕೆ ಎಷ್ಟು ಗಂಟೆ, ಯಾವ ತಿಂಗಳವರೆಗೆ, ಖರ್ಚು ಯಾರದು, ಬರಲಾಗದ ದಿನ ಯಾರಿಗೆ ತಿಳಿಸಬೇಕು. ವಾರಕ್ಕೆ ಒಂದೇ ಗಂಟೆ ಕೊಡಬಲ್ಲವರು ಒಂದೇ ಗಂಟೆ ಎಂದು ಬರೆಯಲಿ. ಆ ಒಂದು ಗಂಟೆಯನ್ನು ನಂಬಿ ಶಿಕ್ಷಕರು ವೇಳಾಪಟ್ಟಿ ಹಾಕಬಹುದು, ಮಕ್ಕಳು ಕಾಯಬಹುದು.